ಸಿಡಿಲು ಬಡಿದ ಕಂಪ್ಯೂಟರು, ನಾಲ್ಕು ಇಮೇಲ್ ಖಾತೆ, ಒಂದು ಪುಕ್ಕಟೆ ತಂತ್ರಾಂಶ

ತುಳುನಾಡಿನ ಕೋಲ, ಜಾತ್ರೆಗಳ ಕಾಲ ಮುಗಿಯುವ ಪತ್ತನಾಜೆಗೆ ಇನ್ನೂ ಒಂದು ವಾರವಿತ್ತು. 2025ರ ಮೇ 17, ಶನಿವಾರ. ಸಂಜೆ ಐದು ಗಂಟೆಗೆಲ್ಲ ಮಂಗಳೂರಿನ ಬಂದರಿನ ಮೇಲೆ ಮೋಡ ಕವಿದು, ಗೋದಾಮಿನ ಹಂಚಿಗೆ ಮೊದಲ ಹನಿ ತಾಗುವಷ್ಟರಲ್ಲಿ ನಮ್ಮ ಧಣಿಗಳು "ಇವತ್ತಿಗೆ ಸಾಕು, ಬಾಗಿಲು ಹಾಕುವ" ಎಂದರು. ಕಂಪ್ಯೂಟರನ್ನು ಆರಿಸಿದೆ. ಗೋಡೆಯಿಂದ ಪ್ಲಗ್ ಕೀಳಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಪ್ರತಿ ಏಪ್ರಿಲ್, ಮೇ ತಿಂಗಳಲ್ಲಿ ತಪ್ಪದೆ ಕೀಳುತ್ತಿದ್ದವಳು ಅಂದು ಮಾತ್ರ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಹೊರಡುವ ತೊಕ್ಕೊಟ್ಟು ಬಸ್ಸು ತಪ್ಪಬಾರದೆಂದು ಕೊಡೆ ಹಿಡಿದು ಓಡಿದೆ. ಬಸ್ಸು ನೇತ್ರಾವತಿ ಸೇತುವೆಯ ಮೇಲಿರುವಾಗ ಹಿಂದೆ ಊರಿನ ಕಡೆ ಆಕಾಶ ಬೆಳ್ಳಗೆ ಬಿರಿದದ್ದು ಕಂಡಿತು. ಆಗಲೂ ಪ್ಲಗ್ ನೆನಪಾಗಲಿಲ್ಲ.

ಸೋಮವಾರ ಬೆಳಿಗ್ಗೆ ಗುಂಡಿ ಒತ್ತಿದರೆ ಕಂಪ್ಯೂಟರಿನಲ್ಲಿ ಉಸಿರೇ ಇಲ್ಲ. ಮೋಡೆಮ್ ಕೂಡ ಸತ್ತಿತ್ತು. ಮೇಜಿನ ಕೆಳಗೆ ಬಗ್ಗಿದಾಗ ಸುಟ್ಟ ವಾಸನೆ. ಮೆಣಸಿನ ಘಾಟು ಮೂಗಿಗೆ ಅಂಟಿಕೊಂಡಿರುವ ನನಗೇ ಗೊತ್ತಾಯಿತೆಂದರೆ ನೀವೇ ಊಹಿಸಿಕೊಳ್ಳಿ.

ನಮ್ಮದು ಒಣಮೆಣಸು, ಕಾಳುಮೆಣಸು, ಏಲಕ್ಕಿಯ ಸಗಟು ಅಂಗಡಿ. ನಾನು ಲೆಕ್ಕ ಬರೆಯುವವಳು. ಬ್ಯಾಡಗಿಯಿಂದ, ಸಕಲೇಶಪುರದಿಂದ, ಮಡಿಕೇರಿಯಿಂದ ಬರುವ ಬಿಲ್ಲುಗಳೆಲ್ಲ ಈಗ ಇಮೇಲ್‌ನಲ್ಲೇ ಬರುತ್ತವೆ. ಮರುದಿನ, ಅಂದರೆ 20ನೇ ತಾರೀಕು, ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನ. ಆ ದಿನ ನಾನು ಮಾಡಿದ್ದು ಒಂದೇ ಕೆಲಸ: ಒಬ್ಬೊಬ್ಬ ವ್ಯಾಪಾರಿಗೂ ಫೋನ್ ಮಾಡಿ "ಬಿಲ್ಲಿನ ಫೋಟೋ ವಾಟ್ಸಾಪ್‌ನಲ್ಲಿ ಕಳುಹಿಸಿ" ಎಂದು ಬೇಡಿದ್ದು. ರಿಟರ್ನ್ ಹೇಗೋ ಆಯಿತು. ಆದರೆ ಕಳೆದ ಹದಿನಾಲ್ಕು ವರ್ಷಗಳ ಪತ್ರಗಳು ಎಲ್ಲಿವೆ ಎಂಬ ಪ್ರಶ್ನೆ ಅಂದು ರಾತ್ರಿಯೇ ಎದೆಯ ಮೇಲೆ ಕೂತಿತು. ಜಿಎಸ್‌ಟಿ ಕಾನೂನಿನಲ್ಲಿ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಸಿಡಿಲು ಬಡಿಯಿತು ಎಂದು ನೋಟಿಸಿಗೆ ಉತ್ತರ ಬರೆಯುವ ಧೈರ್ಯ ನನಗಿಲ್ಲ.

ಇಲ್ಲಿಂದ ಏಳು ವಾರ ಹಿಡಿಯಿತು. ಈಗ ಮುಗಿದಿದೆ. ನನ್ನ ಹಾಗೆ ಕಂಪ್ಯೂಟರ್ ಓದದೆ ಬರೀ ಬಳಸುವವರು ಪುಕ್ಕಟೆ ಇಮೇಲ್ ತಂತ್ರಾಂಶ ಆರಿಸಲು ಕೂತಾಗ ಎಲ್ಲೆಲ್ಲಿ ಮುಗ್ಗರಿಸುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಾಗಿರುವುದರಿಂದ, ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಹಂಪನಕಟ್ಟೆಯ ರಿಪೇರಿ ಅಂಗಡಿಯ ಹುಡುಗ ಪೆಟ್ಟಿಗೆ ಬಿಚ್ಚಿ, "ಅಕ್ಕಾ, ಮದರ್‌ಬೋರ್ಡ್ ಹೋಗಿದೆ. ಹಾರ್ಡ್‌ಡಿಸ್ಕ್ ಮಾತ್ರ ಉಳಿದಿದೆ" ಎಂದ. 450 ರೂಪಾಯಿಯ ಒಂದು ಕೇಬಲ್ ಹಾಕಿ ಅವನ ಲ್ಯಾಪ್‌ಟಾಪಿಗೆ ಜೋಡಿಸಿದ. ಡಿಸ್ಕ್ ತಿರುಗುವ ಸದ್ದು ಕೇಳಿದಾಗ ಕುದ್ರೋಳಿ ದೇವಸ್ಥಾನಕ್ಕೆ ಒಂದು ಹಣ್ಣುಕಾಯಿ ಹೇಳಿಕೊಂಡೆ.

ಆ ಹಳೆಯ ಕಂಪ್ಯೂಟರನ್ನು 2011ರಲ್ಲಿ ಕೊಂಡದ್ದು. ಅದರಲ್ಲಿದ್ದದ್ದು ವಿಂಡೋಸ್ 7. ಪತ್ರಗಳಿಗೆ ವಿಂಡೋಸ್ ಲೈವ್ ಮೇಲ್. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2017ರ ಜನವರಿ 10ಕ್ಕೇ ನಿಂತಿತ್ತು. ನಾವು ಮತ್ತೆಯೂ ಎಂಟು ವರ್ಷ ಅದರಲ್ಲೇ ದೂಡಿದೆವು. ಓಡುತ್ತಿರುವ ಗಾಡಿಯನ್ನು ಯಾರು ಗ್ಯಾರೇಜಿಗೆ ಬಿಡುತ್ತಾರೆ?

ಮೊದಲ ಆಘಾತ ಆದದ್ದು ಇಲ್ಲಿ. ಪತ್ರಗಳೆಲ್ಲ ಇಂಟರ್‌ನೆಟ್‌ನಲ್ಲಿ, ಸರ್ವರ್‌ನಲ್ಲಿ ಇರುತ್ತವೆ, ಹೊಸ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಹಾಕಿದರೆ ಬಂದುಬಿಡುತ್ತವೆ ಎಂದು ನಾನು ತಿಳಿದಿದ್ದೆ. ಹುಡುಗ ತಲೆಯಾಡಿಸಿದ. ನಮ್ಮ ಅಂಗಡಿಯ ಎರಡು ವಿಳಾಸಗಳನ್ನು ಯಾರೋ ಪಾಪ್ ವಿಧಾನದಲ್ಲಿ ಜೋಡಿಸಿದ್ದರು. ಅಂಚೆಯಣ್ಣ ಕಾಗದವನ್ನು ಮನೆಗೆ ಕೊಟ್ಟ ಮೇಲೆ ಅಂಚೆ ಕಚೇರಿಯಲ್ಲಿ ಅದರ ಪ್ರತಿ ಉಳಿಯುತ್ತದೆಯೇ? ಇದೂ ಹಾಗೆ. ಪಾಪ್‌ನಲ್ಲಿ ಪತ್ರ ಕಂಪ್ಯೂಟರಿಗೆ ಇಳಿಯುತ್ತದೆ. 'ಸರ್ವರ್‌ನಲ್ಲಿ ಒಂದು ಪ್ರತಿ ಬಿಡು' ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ ಅಲ್ಲಿಂದ ಅಳಿಯುತ್ತದೆ. ಐಮ್ಯಾಪ್ ವಿಧಾನದಲ್ಲಾದರೆ ಮೂಲ ಸರ್ವರ್‌ನಲ್ಲೇ ಇರುತ್ತದೆ; ಕಂಪ್ಯೂಟರು, ಮೊಬೈಲು ಎರಡರಲ್ಲೂ ಅದೇ ಕಾಣುತ್ತದೆ. "ಇಮೇಲ್ ನನ್ನ ಫೋನಿಗೆ ಯಾಕೆ ಬರುವುದಿಲ್ಲ?" ಎಂದು ಧಣಿಗಳು ವರ್ಷಗಟ್ಟಲೆ ಕೇಳುತ್ತಿದ್ದ ಪ್ರಶ್ನೆಗೂ ಅಂದೇ ಉತ್ತರ ಸಿಕ್ಕಿತು.

ನಿಮ್ಮದು ಯಾವುದು ಎಂದು ಇವತ್ತೇ ನೋಡಿಕೊಳ್ಳಿ. ಖಾತೆಯ ಸೆಟ್ಟಿಂಗ್‌ನಲ್ಲಿ ಒಳಬರುವ ಸರ್ವರ್‌ನ ಪೋರ್ಟ್ ಸಂಖ್ಯೆ 995 ಅಥವಾ 110 ಇದ್ದರೆ ಪಾಪ್, 993 ಅಥವಾ 143 ಇದ್ದರೆ ಐಮ್ಯಾಪ್. ಪಾಪ್ ಎಂದಾಗಿ, ಸರ್ವರ್‌ನಲ್ಲಿ ಪ್ರತಿಯನ್ನೂ ಬಿಟ್ಟಿಲ್ಲವೆಂದಾದರೆ, ಆ ಕಂಪ್ಯೂಟರಿನ ಡಿಸ್ಕ್ ಸತ್ತ ದಿನ ನಿಮ್ಮ ಪತ್ರಗಳೂ ಸಾಯುತ್ತವೆ.

ಅದೃಷ್ಟಕ್ಕೆ ಲೈವ್ ಮೇಲ್ ಪ್ರತಿ ಪತ್ರವನ್ನೂ ಪ್ರತ್ಯೇಕ ಇಎಂಎಲ್ ಕಡತವಾಗಿ ಇಡುತ್ತದೆ. ಬಳಕೆದಾರರ ಫೋಲ್ಡರಿನೊಳಗಿನ 'ಆಪ್‌ಡೇಟಾ' ಎಂಬ ಅಡಗಿದ ಕೋಣೆಯಲ್ಲಿ ಅವು ಇದ್ದವು. 'ಅಡಗಿಸಿದ ಕಡತಗಳನ್ನು ತೋರಿಸು' ಎಂದು ಗುರುತು ಹಾಕುವವರೆಗೆ ಆ ಫೋಲ್ಡರ್ ಕಾಣುವುದೇ ಇಲ್ಲ. ನಾವಿಬ್ಬರೂ ಒಂದು ಗಂಟೆ ಬೇರೆಲ್ಲೆಲ್ಲೋ ಹುಡುಕಿದೆವು. ಎಣಿಸಿದಾಗ 31,417 ಪತ್ರಗಳು, ಸುಮಾರು 9 ಜಿಬಿ. 4,300 ರೂಪಾಯಿಯ ಹೊರಗಿನ ಡಿಸ್ಕ್ ಒಂದನ್ನು ಅಲ್ಲೇ ಕೊಂಡು ನಕಲು ಮಾಡಿಸಿದೆ. ಧಣಿಗಳನ್ನು ಕೇಳಲಿಲ್ಲ. ಬೈದರೆ ಆಮೇಲೆ ಬೈಸಿಕೊಳ್ಳುವ ಎಂದುಕೊಂಡೆ.

ಗುರುವಾರ ವಿಂಡೋಸ್ 11 ಇರುವ ಹಳೆಯ ಕಂಪ್ಯೂಟರ್ ಒಂದು 19,000 ರೂಪಾಯಿಗೆ ಬಂತು. ಹತ್ತು ಇರುವುದು ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ವಿಂಡೋಸ್ 10ಕ್ಕೆ ಅಕ್ಟೋಬರ್ 14ರವರೆಗೆ ಮಾತ್ರ ಬೆಂಬಲ ಎಂದು ಹುಡುಗ ಎಚ್ಚರಿಸಿದ. ಒಮ್ಮೆ ಸುಟ್ಟುಕೊಂಡ ಮೇಲೆ ನಾನೂ ಹಟ ಮಾಡಲಿಲ್ಲ.

ಇನ್ನು ತಂತ್ರಾಂಶ. ನಮಗೆ ಬೇಕಿದ್ದದ್ದು ಇಷ್ಟು: ಒಟ್ಟು ನಾಲ್ಕು ಖಾತೆಗಳು ಒಂದೇ ಕಿಟಕಿಯಲ್ಲಿ ಕಾಣಬೇಕು. ಅಂಗಡಿಯ ಸ್ವಂತ ಹೆಸರಿನ ಎರಡು, ಧಣಿಗಳ ಜಿಮೇಲ್ ಒಂದು, ಜಿಎಸ್‌ಟಿಗೆಂದೇ ಮಾಡಿಸಿದ ಜಿಮೇಲ್ ಇನ್ನೊಂದು. ಹಳೆಯ 31,417 ಪತ್ರಗಳು ಒಳಗೆ ಬರಬೇಕು. ನಾಳೆ ಬೇಡವೆನಿಸಿದರೆ ಹೊರಗೂ ಹೋಗಬೇಕು. ಈ ಕೊನೆಯದನ್ನು ಮೊದಲ ದಿನ ನಾನು ಪಟ್ಟಿಯಲ್ಲಿ ಬರೆದಿರಲಿಲ್ಲ. ಲೈವ್ ಮೇಲ್ ಪತ್ರಗಳನ್ನು ಇಎಂಎಲ್ ಆಗಿ ಇಟ್ಟಿದ್ದರಿಂದಲೇ ಬದುಕಿದೆವು ಎಂದು ತಲೆಗೆ ಹೊಳೆದ ಮೇಲೆ ಬರೆದೆ. ಆಮೇಲೆ ಅದೇ ಮೊದಲಿನದಾಯಿತು. ಬಾಡಿಗೆ ಮನೆ ಹಿಡಿಯುವಾಗ ಮುಂಗಡ ವಾಪಸ್ ಹೇಗೆ ಎಂದು ಕೇಳುವವರು ತಂತ್ರಾಂಶ ಹಿಡಿಯುವಾಗ ಕೇಳುವುದಿಲ್ಲವಲ್ಲ.

ಮೊದಲು ನೋಡಿದ್ದು ವಿಂಡೋಸ್ ಜತೆಗೇ ಬಂದ ಹೊಸ ಔಟ್‌ಲುಕ್. ಹಿಂದೆ ಇದ್ದ 'ಮೇಲ್' ಆ್ಯಪ್ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದರ ಜಾಗಕ್ಕೆ ಬಂದದ್ದು ಇದು. ಬೇರೆ ಏನೂ ಇಳಿಸಿಕೊಳ್ಳಬೇಕಾಗಿಲ್ಲ, ನೋಡಲು ಸ್ವಚ್ಛ. ಆದರೆ ಎರಡು ಸಂಗತಿ ತಿಳಿದಿರಲಿ. ಉಚಿತವಾಗಿ ಬಳಸುವವರಿಗೆ ಅದರಲ್ಲಿ ಜಾಹೀರಾತು ಕಾಣುತ್ತದೆ. ಪತ್ರಗಳ ಪಟ್ಟಿಯೊಳಗೇ, ಪತ್ರದ ಹಾಗೆಯೇ ಕಾಣುವುದೂ ಉಂಟು. ಜಾಹೀರಾತು ಎಂದು ಚಿಕ್ಕದಾಗಿ ಬರೆದಿರುತ್ತದೆ. ನಮ್ಮ ಧಣಿಗಳು ಕನ್ನಡಕವನ್ನು ಮನೆಯಲ್ಲಿ ಬಿಟ್ಟು ಬಂದಿದ್ದರು. ಯಾವುದೋ ಗಿರಾಕಿಯ ಪತ್ರವೆಂದು ಒತ್ತಿ, ಎಲ್ಲಿಯದೋ ಹೊಲಿಗೆ ಯಂತ್ರದ ಪುಟ ತೆರೆದು, "ಇವರು ಎಷ್ಟು ಗೋಣಿ ಕೇಳಿದ್ದಾರೆ?" ಎಂದು ನನ್ನನ್ನು ಕರೆದರು. ಎರಡನೆಯದು, ಬೇರೆ ಕಂಪನಿಯ ಖಾತೆಯನ್ನು ಅದಕ್ಕೆ ಸೇರಿಸುವಾಗ, ನಿಮ್ಮ ಪತ್ರಗಳ ಪ್ರತಿಯನ್ನು ಮೈಕ್ರೋಸಾಫ್ಟ್ ಕ್ಲೌಡ್‌ಗೆ ತರುತ್ತೇವೆ ಎಂಬ ಸೂಚನೆ ಬರುತ್ತದೆ. ಮುಚ್ಚಿಟ್ಟು ಮಾಡುವುದಲ್ಲ, ಹೇಳಿಯೇ ಮಾಡುತ್ತಾರೆ. ಹಲವರಿಗೆ ಅದರಿಂದ ತೊಂದರೆಯೂ ಇರಲಿಕ್ಕಿಲ್ಲ. ನನಗೆ ಮಾತ್ರ ಬ್ಯಾಡಗಿಯವರು ನಮಗೆ ಕೊಟ್ಟ ಧಾರಣೆ ಇನ್ನೊಂದು ಕಡೆಯೂ ಕೂತಿರುವುದು ಬೇಡವೆನಿಸಿತು.

ಎರಡನೆಯದು ಇಎಂ ಕ್ಲೈಂಟ್. ಮಡಿಕೇರಿಯ ಒಬ್ಬ ವ್ಯಾಪಾರಿ ಹೊಗಳಿದ್ದರು. ನಿಜವಾಗಿ ಚೆಂದ ಇದೆ. ಕ್ಯಾಲೆಂಡರು, ವಿಳಾಸಪುಸ್ತಕ ಎಲ್ಲ ಅಚ್ಚುಕಟ್ಟು. ಒಂದು ವಾರ ಧಣಿಗಳ ಜಿಮೇಲ್ ಅನ್ನು ಅದರಲ್ಲೇ ನಡೆಸಿದೆ, ಮನಸ್ಸೂ ಒಲಿದಿತ್ತು. ಎರಡಕ್ಕಿಂತ ಹೆಚ್ಚು ಖಾತೆಗೆ ಅವಕಾಶವಿಲ್ಲ ಎಂದಾಗಲೇ ಪರವಾನಗಿಯನ್ನು ಸರಿಯಾಗಿ ಓದಿದ್ದು. ಉಚಿತ ಆವೃತ್ತಿ ಎರಡು ಖಾತೆಗೆ ಮಾತ್ರ, ಅದೂ ವೈಯಕ್ತಿಕ ಬಳಕೆಗೆ. ವ್ಯಾಪಾರಕ್ಕೆ ಬಳಸುವುದಾದರೆ ಹಣ ಕೊಡಬೇಕು. "ಬಂದರಿಗೆ ಬಂದು ಯಾರು ನೋಡುತ್ತಾರೆ ಮಾರಾಯರೇ?" ಎಂದರು ಧಣಿಗಳು. "ಯಾರೂ ನೋಡುವುದಿಲ್ಲ. ಆದರೆ ತಕ್ಕಡಿಯನ್ನೂ ದಿನಾ ಯಾರೂ ನೋಡುವುದಿಲ್ಲ" ಎಂದೆ. ಅವರು ಸುಮ್ಮನಾದರು. ಅವರ ತಂದೆಯವರ ಕಾಲದಿಂದ ಆ ಅಂಗಡಿಯ ತಕ್ಕಡಿಗೆ ಹೆಸರಿದೆ.

ಪುಕ್ಕಟೆ ಎಂಬ ಒಂದೇ ಮಾತಿನೊಳಗೆ ಎಷ್ಟು ಬಗೆ ಇದೆ ಎಂದು ನನಗೆ ಗೊತ್ತಾದದ್ದು ಆ ವಾರ. ಜಾಹೀರಾತು ನೋಡುವುದಾದರೆ ಪುಕ್ಕಟೆ, ಮನೆಯವರಿಗಾದರೆ ಪುಕ್ಕಟೆ, ಒಂದೇ ಖಾತೆಗಾದರೆ ಪುಕ್ಕಟೆ. ಮೇಲ್‌ಬರ್ಡ್ ಈ ಕೊನೆಯ ಜಾತಿಯದೆಂದು ತಿಳಿದದ್ದರಿಂದ ಇಳಿಸಿಯೂ ನೋಡಲಿಲ್ಲ. ಕ್ಲಾಸ್ ಮೇಲ್ ಬಹಳ ಹಗುರ, ಹಳೆಯ ಯಂತ್ರಕ್ಕೆ ಒಳ್ಳೆಯದು, ಆದರೆ ನನ್ನಂಥವರಿಗೆ ಒಗ್ಗುವ ಮುಖವಲ್ಲ. ನಿಮ್ಮ ಮನೆಯಲ್ಲಿ ಲಿನಕ್ಸ್ ಇದ್ದರೆ ಎವಲ್ಯೂಷನ್ ನೋಡಬಹುದು.

ಉಳಿದದ್ದು ಥಂಡರ್‌ಬರ್ಡ್. ಸಿಡಿಲು ಬಡಿದ ಅಂಗಡಿಗೆ ಗುಡುಗಿನ ಹಕ್ಕಿ! ಹೆಸರು ಕೇಳಿಯೇ ಧಣಿಗಳ ಮುಖ ಸಣ್ಣದಾಯಿತು. 2004ರ ಡಿಸೆಂಬರ್‌ನಲ್ಲಿ ಇದರ ಮೊದಲ ಪೂರ್ಣ ಆವೃತ್ತಿ ಬಂದದ್ದು. ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾದವರದೇ. ತಂತ್ರಾಂಶದ ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿದೆ, ಮನೆಗೂ ಅಂಗಡಿಗೂ ಒಂದೇ ಪರವಾನಗಿ, ಖಾತೆಗಳಿಗೆ ಮಿತಿ ಇಲ್ಲ, ಜಾಹೀರಾತು ಇಲ್ಲ. "ಹಾಗಾದರೆ ಅವರ ಹೊಟ್ಟೆಪಾಡು?" ಎಂದು ಧಣಿಗಳು ಕೇಳಿದರು. ಬಳಸುವವರು ಕೊಡುವ ದೇಣಿಗೆಯಿಂದ ಎಂದೆ. ನಂಬಲಿಲ್ಲ.

ಇಷ್ಟರಲ್ಲಿ ಇನ್ನೊಂದು ಕಂಟಕ ಬೆಳೆಯುತ್ತಿತ್ತು. ಅಂಗಡಿಯ ಹೆಸರಿನ ಎರಡು ಖಾತೆಗಳ ಪಾಸ್‌ವರ್ಡ್ ಯಾರಲ್ಲೂ ಇರಲಿಲ್ಲ. ಎಂದೋ ಒಮ್ಮೆ ಹಾಕಿ, 'ನೆನಪಿಟ್ಟುಕೋ' ಎಂದು ಒತ್ತಿ, ನಾವು ಮರೆತುಬಿಟ್ಟಿದ್ದೆವು. ಹಾಕಿದ್ದು ಧಣಿಗಳ ಸೋದರಳಿಯ. ಅವನು ಮಸ್ಕತ್‌ಗೆ ಹೋಗಿ ಏಳು ವರ್ಷ. ಮೂರು ದಿನ ಫೋನ್ ಎತ್ತಲಿಲ್ಲ, ನಾಲ್ಕನೆಯ ದಿನ ಎತ್ತಿದ. "ಅಕ್ಕಾ, ನನಗೆ ಎಲ್ಲಿ ನೆನಪು! ಹೋಸ್ಟಿಂಗ್‌ನವರ ಪುಟದಲ್ಲಿ ಹೊಸದು ಮಾಡಿಸಿ" ಎಂದ. ಹೋಸ್ಟಿಂಗ್‌ನವರು ಎಂದರೆ ಅಂಗಡಿಯ ಹೆಸರಿನ ಇಮೇಲ್‌ಗೆ ಸರ್ವರ್ ಒದಗಿಸುವ ಕಂಪನಿ. ಆ ಪುಟಕ್ಕೆ ಒಟಿಪಿ ಹೋಗುವುದು ಅವನ ಹಳೆಯ ಮಂಗಳೂರು ನಂಬರಿಗೆ. ಆ ನಂಬರ್ ಈಗ ಯಾರದೋ. ಒಮ್ಮೆ ಕರೆ ಮಾಡಿ ನೋಡಿದೆ. ಕಾರ್ಕಳದ ಕಡೆಯ ಒಬ್ಬ ಹೆಂಗಸು ಎತ್ತಿ, ಒಟಿಪಿ ಎಂಬ ಶಬ್ದ ಕೇಳಿದ್ದೇ ತಡ, ನನ್ನನ್ನು ಸೈಬರ್ ಕಳ್ಳಿ ಎಂದು ತಿಳಿದು ಫೋನ್ ಇಟ್ಟಳು. ಅವಳು ಮಾಡಿದ್ದೇ ಸರಿ.

ಹೋಸ್ಟಿಂಗ್ ಕಂಪನಿಯವರಿಗೆ ಕರೆ ಮಾಡಿದರೆ ಇಪ್ಪತ್ತು ನಿಮಿಷ ಸಂಗೀತ. ಆಮೇಲೆ ದಾಖಲೆ ಕೇಳಿದರು: ಅಂಗಡಿಯ ಲೆಟರ್‌ಹೆಡ್‌ನಲ್ಲಿ ಸಹಿ, ಮೊಹರು ಇರುವ ಅರ್ಜಿ, ಜಿಎಸ್‌ಟಿ ನೋಂದಣಿ ಪ್ರಮಾಣಪತ್ರ, ಧಣಿಗಳ ಪ್ಯಾನ್ ಪ್ರತಿ, ಕೊನೆಯ ಬಾರಿ ಹಣ ಕಟ್ಟಿದ ರಸೀದಿ. ರಸೀದಿ ಎಲ್ಲಿದೆ? ಅದೇ ಸತ್ತ ಕಂಪ್ಯೂಟರಿನ ಪತ್ರಗಳಲ್ಲಿ! ಇಎಂಎಲ್ ಕಡತಗಳೊಳಗೆ ಹುಡುಕಿ ತೆಗೆದೆ. ಕಳುಹಿಸಿದರೆ ಲೆಟರ್‌ಹೆಡ್‌ನಲ್ಲಿರುವ ವಿಳಾಸವೂ ಜಿಎಸ್‌ಟಿ ಪತ್ರದಲ್ಲಿರುವ ವಿಳಾಸವೂ ಬೇರೆ ಎಂದು ವಾಪಸ್ ಬಂತು. ಒಂದರಲ್ಲಿ 'ಪೋರ್ಟ್ ರಸ್ತೆ' ಎಂದೂ ಇನ್ನೊಂದರಲ್ಲಿ 'ಬಂದರು' ಎಂದೂ ಇತ್ತು. ಮತ್ತೊಂದು ಅರ್ಜಿ ಹೋಯಿತು. ಒಟ್ಟು ಒಂಬತ್ತು ಕೆಲಸದ ದಿನ. ಆ ಒಂಬತ್ತು ದಿನ ಅಂಗಡಿಯ ವಿಳಾಸಕ್ಕೆ ಬಂದ ಪತ್ರಗಳನ್ನು ಓದುವವರಿಲ್ಲ. ಗಿರಾಕಿಗಳು ಫೋನ್ ಮಾಡಿ "ಉತ್ತರವೇ ಇಲ್ಲವಲ್ಲ, ಅಂಗಡಿ ಮುಚ್ಚಿದಿರಾ?" ಎಂದು ಕೇಳುವಾಗ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬರುತ್ತಿತ್ತು. ನಿಮ್ಮ ವಿಳಾಸದ ನೋಂದಣಿ ಯಾರ ಫೋನಿಗೆ ಕಟ್ಟಿಕೊಂಡಿದೆ ಎಂದು ತಂತ್ರಾಂಶ ಹುಡುಕುವ ಮೊದಲೇ ನೋಡಿಕೊಳ್ಳಿ. ಪಾಸ್‌ವರ್ಡನ್ನು ರೋಜುಮೇಳದ ಕೊನೆಯ ಪುಟದಲ್ಲಿಯಾದರೂ ಬರೆದು ಕಪಾಟಿನಲ್ಲಿಟ್ಟು ಬೀಗ ಹಾಕಿ.

ಪಾಸ್‌ವರ್ಡ್ ಸಿಕ್ಕಿದ ದಿನ ಎರಡೂ ಖಾತೆಗಳನ್ನು ಐಮ್ಯಾಪ್‌ನಲ್ಲಿ ಜೋಡಿಸಲು ಕೂತೆ. ಹೆಸರು, ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಥಂಡರ್‌ಬರ್ಡ್ ಉಳಿದದ್ದನ್ನು ತಾನೇ ಹುಡುಕುತ್ತದೆ. ನಮ್ಮದಕ್ಕೆ ಹುಡುಕಿತು, ಆದರೆ ಭದ್ರತಾ ಪ್ರಮಾಣಪತ್ರ ಹೊಂದುವುದಿಲ್ಲ ಎಂದು ಎಚ್ಚರಿಕೆ ಕೊಟ್ಟಿತು. 'ಪರವಾಗಿಲ್ಲ, ಒಪ್ಪು' ಎನ್ನುವ ಗುಂಡಿ ಅಲ್ಲೇ ಇರುತ್ತದೆ. ಒತ್ತಬೇಡಿ. ಕಾರಣ ಸರಳ: ನಮ್ಮ ಅಂಗಡಿಯ ಹೆಸರಿನ ಸರ್ವರ್ ಎಂದು ತೋರಿದರೂ ನಿಜವಾದ ಯಂತ್ರ ಹೋಸ್ಟಿಂಗ್‌ನವರದು, ಪ್ರಮಾಣಪತ್ರವೂ ಅವರ ಹೆಸರಿನಲ್ಲಿ. ಅವರನ್ನು ಕೇಳಿ ಆ ಯಂತ್ರದ ಹೆಸರನ್ನೇ ಹಾಕಿದೆ. ಒಳಗೆ ಬರಲು 993, ಹೊರಗೆ ಹೋಗಲು 465. ಎಚ್ಚರಿಕೆ ಮಾಯವಾಯಿತು.

ಜಿಮೇಲ್ ಸುಲಭ. 2022ರ ಮೇ ಕೊನೆಯಿಂದ ಬರೀ ಪಾಸ್‌ವರ್ಡ್ ಕೊಟ್ಟು ಹೊರಗಿನ ತಂತ್ರಾಂಶದಿಂದ ಜಿಮೇಲ್‌ಗೆ ಹೋಗಲಾಗುವುದಿಲ್ಲ. ಥಂಡರ್‌ಬರ್ಡ್ ಗೂಗಲ್‌ನ ಲಾಗಿನ್ ಕಿಟಕಿಯನ್ನೇ ತೆರೆಯುತ್ತದೆ, ಅಲ್ಲಿ ಒಪ್ಪಿಗೆ ಕೊಟ್ಟರೆ ಆಯಿತು. ಒಪ್ಪಿಗೆಯ ಸೂಚನೆ ಧಣಿಗಳ ಫೋನಿಗೆ ಹೋಗುತ್ತದೆ, ಅವರು ಅಂದು ಕಟೀಲಿಗೆ ಹೋಗಿದ್ದರು, ಫೋನ್ ಕಾರಿನಲ್ಲಿತ್ತು. ಮಧ್ಯಾಹ್ನದ ಊಟ ಮುಗಿಸಿ ಬರುವವರೆಗೆ ಕಾದೆ. ಇನ್ನೊಂದು ಮಾತು: ಜಿಮೇಲ್‌ನ 'ಎಲ್ಲ ಪತ್ರಗಳು' ಎಂಬ ಫೋಲ್ಡರಿನ ಚಂದಾದಾರಿಕೆಯನ್ನು (ಸಬ್‌ಸ್ಕ್ರೈಬ್ ಗುರುತನ್ನು) ಥಂಡರ್‌ಬರ್ಡ್‌ನಲ್ಲಿ ತೆಗೆದುಬಿಡಿ. ಇಲ್ಲದಿದ್ದರೆ ಒಂದೇ ಪತ್ರ ಎರಡೆರಡು ಕಡೆ ಇಳಿದು ಡಿಸ್ಕ್ ತುಂಬುತ್ತದೆ.

ಈಗ ನನ್ನದೇ ತಪ್ಪಿನ ಕಥೆ. ಥಂಡರ್‌ಬರ್ಡ್‌ನಲ್ಲಿ ಎರಡು ಬಗೆಯ ಆವೃತ್ತಿಗಳಿವೆ: ಪ್ರತಿ ತಿಂಗಳು ಹೊಸದಾಗುವುದು ಒಂದು, ವರ್ಷಕ್ಕೊಮ್ಮೆ ಮಾತ್ರ ದೊಡ್ಡದಾಗಿ ಬದಲಾಗುವ ಇಎಸ್‌ಆರ್ ಇನ್ನೊಂದು. 2025ರ ಮಾರ್ಚ್‌ನಿಂದ ಡೌನ್‌ಲೋಡ್ ಗುಂಡಿ ಒತ್ತಿದವರಿಗೆ ತಿಂಗಳಿನದೇ ಸಿಗುತ್ತದೆ. ನಾನು ಒತ್ತಿದೆ, ಅದೇ ಬಂತು. ಹಳೆಯ ಇಎಂಎಲ್ ಕಡತಗಳನ್ನು ಒಳಗೆ ತರಲು 'ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ' ಎಂಬ ಆಡ್‌ಆನ್, ಅಂದರೆ ಥಂಡರ್‌ಬರ್ಡ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ ಬೇಕು. ಅದು ನನ್ನ ಆವೃತ್ತಿಗೆ ಕೂರಲಿಲ್ಲ. ಸರಿ, ಇಎಸ್‌ಆರ್ ಹಾಕುವ ಎಂದು ಹೊಸದನ್ನು ತೆಗೆದು ಅದನ್ನು ಹಾಕಿದೆ. ತೆರೆದರೆ, ಈ ಪ್ರೊಫೈಲನ್ನು ಇದಕ್ಕಿಂತ ಹೊಸ ಆವೃತ್ತಿಯಲ್ಲಿ ಬಳಸಿದ್ದೀರಿ, ಹೊಸ ಪ್ರೊಫೈಲ್ ಮಾಡಿ ಅಥವಾ ಹೊರಡಿ ಎಂದಿತು. ಪ್ರೊಫೈಲ್ ಎಂದರೆ ನಮ್ಮ ಖಾತೆ, ಪತ್ರ, ವಿಳಾಸಪುಸ್ತಕ ಎಲ್ಲ ಇರುವ ಫೋಲ್ಡರ್. ಒಂಬತ್ತು ದಿನ ಕಾದು ಜೋಡಿಸಿದ್ದೆಲ್ಲ ನೀರಿಗೆ ಹೋಯಿತೆಂದು ಕಣ್ಣು ಕತ್ತಲೆ ಬಂತು. ನಿಜವಾಗಿ ಹೋಗಿದ್ದು ಅರ್ಧ ಗಂಟೆ ಮಾತ್ರ. ಐಮ್ಯಾಪ್ ಆದ್ದರಿಂದ ಪತ್ರಗಳೆಲ್ಲ ಸರ್ವರ್‌ನಲ್ಲೇ ಇದ್ದವು. ಹೊಸ ಪ್ರೊಫೈಲಿನಲ್ಲಿ ನಾಲ್ಕೂ ಖಾತೆಗಳನ್ನು ಮತ್ತೆ ಹಾಕಿದೆ. ಧಣಿಗಳು ಕಟೀಲಿನಿಂದ ಬಂದಿದ್ದರು, ಪುಣ್ಯ. ದಿನಾ ಬಳಸುವ ಅಂಗಡಿ, ಕಚೇರಿಯವರು ಮೊದಲೇ ಇಎಸ್‌ಆರ್ ಇಳಿಸಿಕೊಳ್ಳುವುದು ಲೇಸು.

ಹಳೆಯ ಪತ್ರಗಳನ್ನು ತಂದದ್ದು 'ಲೋಕಲ್ ಫೋಲ್ಡರ್ಸ್' ಎಂಬ ಜಾಗಕ್ಕೆ. ಅದು ಸರ್ವರ್‌ಗೆ ಹೋಗುವುದಿಲ್ಲ, ಕಂಪ್ಯೂಟರಿನಲ್ಲೇ ಇರುತ್ತದೆ. ಮೊದಲ ಸಲ ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿಯಲು ಹೋದೆ. ಹದಿನೆಂಟು ಸಾವಿರದ ಹತ್ತಿರ ಬಂದಾಗ ಕರೆಂಟ್ ಹೋಯಿತು. ಆಗ ಜೂನ್ ಎರಡನೆಯ ವಾರ, ಮಳೆ ಹಿಡಿದಿತ್ತು. ಎಲ್ಲಿಯವರೆಗೆ ಬಂತು ಎಂದು ತಿಳಿಯದೆ ಮತ್ತೆ ಮೊದಲಿನಿಂದ ಓಡಿಸಿದರೆ ಅರ್ಧ ಪತ್ರಗಳು ಎರಡೆರಡಾದವು. ಆ ಫೋಲ್ಡರನ್ನೇ ಅಳಿಸಿ, 3,200 ರೂಪಾಯಿಗೆ ಯುಪಿಎಸ್ ತಂದು, ವರ್ಷಕ್ಕೊಂದರಂತೆ ಹದಿನಾಲ್ಕು ಫೋಲ್ಡರ್ ಮಾಡಿ, ದಿನಕ್ಕೆ ಎರಡು ವರ್ಷದ ಲೆಕ್ಕದಲ್ಲಿ ಒಂದು ವಾರದಲ್ಲಿ ತುಂಬಿದೆ. ತುಂಬಿದ ಮೇಲೆ ಥಂಡರ್‌ಬರ್ಡ್ ಎಲ್ಲವನ್ನೂ ಹುಡುಕಲು ಅನುವಾಗುವಂತೆ ಪಟ್ಟಿ ಮಾಡಿಕೊಳ್ಳುತ್ತದೆ. ಆಗ ಕಂಪ್ಯೂಟರ್ ತುಂಬು ಗರ್ಭಿಣಿಯಂತೆ ನಡೆಯುತ್ತದೆ. ಹೆದರಬೇಡಿ, ಒಂದು ರಾತ್ರಿ ಹಾಗೆಯೇ ಬಿಡಿ.

2012ರ ಫೋಲ್ಡರ್ ತೆರೆದಾಗ ಬ್ಯಾಡಗಿಯ ಹಳೆಯ ವ್ಯಾಪಾರಿಯೊಬ್ಬರ ಪತ್ರಗಳು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡವು. ತಂದದ್ದರಲ್ಲೇ ಕೆಟ್ಟಿತು ಎಂದು ಅತ್ತುಬಿಡುವುದೊಂದು ಬಾಕಿ. ಆಮೇಲೆ ನೆನಪಾಯಿತು: ಅವರು ಯೂನಿಕೋಡ್ ಬರುವ ಮೊದಲಿನ ರೂಢಿಯಂತೆ ನುಡಿ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಅಲ್ಲಿ ಕನ್ನಡ ಇರುವುದು ಫಾಂಟಿನಲ್ಲಿ ಮಾತ್ರ, ಕಡತದೊಳಗೆ ಅಲ್ಲ. ಹಳೆಯ ಡಿಸ್ಕಿನಿಂದ ಆ ಫಾಂಟನ್ನು ತಂದು ಹಾಕಿದ ಕೂಡಲೇ "ಮಾನ್ಯರೇ, ಈ ಸಲ ಮಳೆ ಕೈ ಕೊಟ್ಟಿದೆ" ಎಂದು ಅವರ ಮಾತು ಎದ್ದು ಬಂತು. ಅವರು ತೀರಿಕೊಂಡು ಐದು ವರ್ಷವಾಯಿತು. ಸ್ವಲ್ಪ ಹೊತ್ತು ಓದುತ್ತಾ ಕೂತೆ. ಈ ಪತ್ರಗಳನ್ನು ಕನ್ನಡ ಪದ ಹಾಕಿ ಹುಡುಕಲು ಮಾತ್ರ ಆಗುವುದಿಲ್ಲ, ಕಳುಹಿಸಿದವರ ಹೆಸರಿನಿಂದಲೇ ಹುಡುಕಬೇಕು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಅದರ ಫಾಂಟ್ ಫೋಲ್ಡರನ್ನು ನಕಲು ಮಾಡಿಕೊಳ್ಳಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ನಾನು ಹೇಳುತ್ತಿದ್ದೇನೆ.

ಐಮ್ಯಾಪ್‌ಗೆ ಬಂದದ್ದರಿಂದ ಹೊಸ ತಲೆನೋವೊಂದು ಉಂಟು. ಹೋಸ್ಟಿಂಗ್‌ನವರು ಒಂದು ಖಾತೆಗೆ ಕೊಟ್ಟಿರುವುದು 1 ಜಿಬಿ. ಅಳಿಯ ಅಂದು ಪಾಪ್ ಹಾಕಿದ್ದು ಯಾಕೆಂದು ಆಗ ಅರ್ಥವಾಯಿತು. ಇಷ್ಟು ದಿನ ಅವನನ್ನು ಬೈದದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ದಾರಿ ಇದೆ. ಖಾತೆಯ ಸೆಟ್ಟಿಂಗ್‌ನಲ್ಲಿ 'ಆರ್ಕೈವ್' ಜಾಗವನ್ನು ಲೋಕಲ್ ಫೋಲ್ಡರ್ಸ್ ಎಂದು ಕೊಟ್ಟರೆ, ಹಳೆಯ ಪತ್ರಗಳನ್ನು ಆರಿಸಿ ಎ ಕೀಲಿ ಒತ್ತಿದ ಕೂಡಲೇ ಅವು ಸರ್ವರ್‌ನಿಂದ ಇಳಿದು ಕಂಪ್ಯೂಟರಿಗೆ ಬರುತ್ತವೆ. ವರ್ಷಕ್ಕೊಂದು ಫೋಲ್ಡರ್ ಆಗಿಯೂ ತಿಂಗಳಿಗೊಂದಾಗಿಯೂ ವಿಂಗಡಿಸಬಹುದು. ಅದರ ವರ್ಷ ಜನವರಿಯಿಂದ ಡಿಸೆಂಬರ್. ಲೆಕ್ಕ ಬರೆಯುವವರ ವರ್ಷ ಏಪ್ರಿಲ್‌ನಿಂದ ಎಂದು ಆ ಹಕ್ಕಿಗೆ ಯಾರೂ ಕಲಿಸಿಲ್ಲ. ತಿಂಗಳಿನದನ್ನೇ ಆರಿಸಿದೆ.

ಹಾಗೆ ಇಳಿಸಿದ್ದು ಮತ್ತೆ ಒಂದೇ ಯಂತ್ರದಲ್ಲಿ ಉಳಿಯುತ್ತದಲ್ಲ, ಆದ್ದರಿಂದ ನಕಲು ಬೇಕೇ ಬೇಕು. ಸಹಾಯ ಮೆನುವಿನ 'ಟ್ರಬಲ್‌ಶೂಟಿಂಗ್' ಮಾಹಿತಿಯಲ್ಲಿ ಪ್ರೊಫೈಲ್ ಫೋಲ್ಡರ್ ತೆರೆಯುವ ಗುಂಡಿ ಇದೆ. ಆ ಜಾಗ ಗುರುತಿಟ್ಟುಕೊಂಡು, ಥಂಡರ್‌ಬರ್ಡ್ ಮುಚ್ಚಿ, ಆ ಇಡೀ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಹಾಕಿದರೆ ಪತ್ರ, ಖಾತೆ, ವಿಳಾಸಪುಸ್ತಕ ಎಲ್ಲವೂ ಬಂದಂತೆ. ಪಾಸ್‌ವರ್ಡ್‌ಗಳೂ ಅದರಲ್ಲೇ ಇರುವುದರಿಂದ ಆ ಡಿಸ್ಕ್ ಕಪಾಟಿನೊಳಗೆ. ಶನಿವಾರ ಸಂಜೆ ನಕಲು, ಆಮೇಲೆ ಪ್ಲಗ್ ಕೀಳುವುದು, ಆಮೇಲೆ ಬಸ್ಸು. ಬಸ್ಸು ತಪ್ಪಿದರೆ ಇನ್ನೊಂದು ಇದೆ.

ಹೊರಗೆ ಹೋಗುವ ಬಾಗಿಲನ್ನೂ ಪರೀಕ್ಷಿಸಿದೆ. ಒಂದು ತಿಂಗಳ ಫೋಲ್ಡರನ್ನು ಅದೇ ಆಡ್‌ಆನ್‌ನಿಂದ ಮತ್ತೆ ಇಎಂಎಲ್ ಆಗಿ ಹೊರತೆಗೆದು, ರಿಪೇರಿ ಹುಡುಗನ ಲ್ಯಾಪ್‌ಟಾಪಿನಲ್ಲಿ ತೆರೆಸಿದೆ. ಬಿಲ್ಲುಗಳು ಲಗತ್ತಿನ ಸಮೇತ ತೆರೆದವು. ಆ ದಿನವೇ ನಾನು ಆಯ್ಕೆ ಮುಗಿಯಿತು ಎಂದದ್ದು.

ಜುಲೈ ಮೊದಲ ವಾರ ಧಣಿಗಳಿಗೂ ಒಬ್ಬ ಹಳೆಯ ಗಿರಾಕಿಗೂ ಮಾತಿಗೆ ಮಾತು ಬೆಳೆಯಿತು. 2019ರಲ್ಲಿ ಮುಂಗಡ ಕೊಟ್ಟಿದ್ದೇನೆ ಎಂದು ಅವರು, ಇಲ್ಲ ಎಂದು ಇವರು. ನಾನು ಹೆಸರು ಹಾಕಿ ಹುಡುಕಿದೆ. ಉಸಿರು ಬಿಡುವಷ್ಟರಲ್ಲಿ ಪತ್ರ ಬಂತು. ಗಿರಾಕಿ ಹೇಳಿದ್ದೇ ಸರಿ. ಧಣಿಗಳು ಕನ್ನಡಕ ಏರಿಸಿ ಎರಡು ಸಲ ಓದಿದರು, ಆ ಹಣವನ್ನು ಅಲ್ಲೇ ಹೊಂದಿಸಿಕೊಟ್ಟರು, ಗಿರಾಕಿ ಹೋದ ಮೇಲೆ ಚಾ ತರಿಸಿದರು.

"ಈ ಹಕ್ಕಿಯವರಿಗೆ ಏನಾದರೂ ಕಳುಹಿಸಲು ಆಗುತ್ತದೆಯೇ?"

"ಪುಕ್ಕಟೆ ಎಂದೆನಲ್ಲ."

"ಅದು ಅವರ ಮರ್ಯಾದೆ. ನಮ್ಮದು ನಮಗೆ ಬೇಡವೇ? ಐನೂರು ಕಳುಹಿಸಿ."

ಅವರ ಕಾರ್ಡಿನಿಂದ 500 ರೂಪಾಯಿ ಕಳುಹಿಸಿದೆ. ರಸೀದಿ ಇಮೇಲ್‌ನಲ್ಲೇ ಬಂತು. ಕೇಬಲ್, ಡಿಸ್ಕ್, ಕಂಪ್ಯೂಟರ್, ಯುಪಿಎಸ್ ಸೇರಿ 26,950. ಇದೂ ಸೇರಿದರೆ 27,450. ದೇಣಿಗೆಯನ್ನು ಯಾವ ಖಾತೆಗೆ ಹಾಕುವುದೆಂದು ಪೆನ್ ಹಿಡಿದು ಸ್ವಲ್ಪ ಯೋಚಿಸಿದೆ. ಕಂಪ್ಯೂಟರ್ ಖರ್ಚು ಎನ್ನಲು ಮನಸ್ಸಾಗಲಿಲ್ಲ, ಧರ್ಮಾರ್ಥ ಎಂದರೆ ಅವರಿಗೆ ಅವಮಾನ. ಕೊನೆಗೆ ಸಾದಿಲ್ವಾರು ಎಂದು ಬರೆದೆ.